ತಿದ್ದಿದ ನಾಣ್ಯಗಳ ಆನ್‌ಲೈನ್ ಮಾರಾಟ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ,
ನವದೆಹಲಿ.

ವಿಷಯ: ಹಳೆಯ ನಾಣ್ಯಗಳನ್ನು ತಿದ್ದಿ, ಅಪರೂಪದವೆಂದು ನಂಬಿಸಿ ಆನ್‌ಲೈನಿನಲ್ಲಿ ಮಾರುವುದರ ವಿರುದ್ಧ ಮಾರ್ಗಸೂಚಿ ಹೊರಡಿಸುವಂತೆ ಕೋರಿಕೆ.

ಮಾನ್ಯರೇ,

ಹಳೆಯ ನಾಣ್ಯ ಸಂಗ್ರಹಿಸುವವರು ಮೊದಲೆಲ್ಲ ಅವುಗಳನ್ನು ಪ್ರದರ್ಶನಗಳಲ್ಲಿ, ಪರಿಚಯದ ವ್ಯಾಪಾರಿಗಳಲ್ಲಿ, ಕೆಲವೊಮ್ಮೆ ಅಕ್ಕಸಾಲಿಗರ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ನಾಣ್ಯವನ್ನು ಬೆರಳುಗಳ ನಡುವೆ ಹಿಡಿದು, ಅಂಚನ್ನು ತಿರುಗಿಸಿ, ಭೂತಗನ್ನಡಿಯಲ್ಲಿ ಇಸವಿಯನ್ನು ನೋಡಿ, ಮನಸ್ಸಿಗೆ ಒಪ್ಪಿದರೆ ಮಾತ್ರ ದುಡ್ಡು ಎಣಿಸುವ ಪದ್ಧತಿ ಅದು. ಇಂದು ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಮೊದಲ ನಾಣ್ಯವನ್ನೇ ಮೊಬೈಲಿನ ಪರದೆಯಲ್ಲಿ ಎರಡು ಫೋಟೋ ನೋಡಿ ಕೊಳ್ಳುತ್ತಾರೆ. ದಾವಣಗೆರೆಯಲ್ಲಿ ಹವ್ಯಾಸಿ ಸಂಗ್ರಾಹಕನಾಗಿರುವ ನನ್ನ ಬಳಿಗೆ ಹೀಗೆ ಕೊಂಡ ನಾಣ್ಯಗಳನ್ನು ಹಿಡಿದು, ‘ಇದು ಅಸಲಿಯೇ, ಸ್ವಲ್ಪ ನೋಡಿ ಹೇಳಿ ಸರ್’ ಎಂದು ಕೇಳಿಕೊಂಡು ಬರುವವರಿದ್ದಾರೆ. ಅವರಿಗೆ ನಾನು ಕೊಡಬೇಕಾಗುವ ಉತ್ತರ ಹಲವು ಸಲ ವಿಚಿತ್ರವಾದದ್ದು: ನಾಣ್ಯ ಅಸಲಿ, ಆದರೆ ಅದರ ಮೇಲಿನ ಇಸವಿ ಸುಳ್ಳು. ಆ ಉತ್ತರ ಹುಟ್ಟುವುದು ಹೇಗೆ, ಅದನ್ನು ಕೇಳಿದವರಿಗೆ ಇಂದಿನ ಕಾನೂನಿನಲ್ಲಿ ಎಷ್ಟು ಆಸರೆ ಇದೆ, ತಾವು ಏನು ಮಾಡಬಹುದು ಎಂಬುದಷ್ಟೇ ಈ ಪತ್ರದ ವಿಷಯ.

ಮೋಸದ ನಾಣ್ಯಗಳಲ್ಲಿ ಹಲವು ಬಗೆಗಳಿವೆ. ತೀರ ಒರಟಾದದ್ದು, ಎಂದೂ ಟಂಕಸಾಲೆಯನ್ನೇ ಕಾಣದ ಕಲ್ಪಿತ ನಾಣ್ಯ. ಒಂದು ಬದಿಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು ಮತ್ತು 1818 ಎಂಬ ಇಸವಿ ಇರುವ ‘ಅರ್ಧ ಆಣೆ’ಯನ್ನು ಯಾರು ತಾನೆ ನೋಡಿಲ್ಲ! ಕಂಪನಿ ಮದರಾಸಿನಲ್ಲಿ ದೇವರ ಚಿತ್ರವಿರುವ ಚಿನ್ನದ ವರಹಗಳನ್ನು ಟಂಕಿಸಿದ್ದು ನಿಜ, ದೇವಸ್ಥಾನಗಳಲ್ಲಿ ಭಕ್ತರಿಗೆ ಸಿಗುತ್ತಿದ್ದ ರಾಮಟಂಕಗಳೆಂಬ ಪೂಜೆಯ ಬಿಲ್ಲೆಗಳೂ ನಿಜ. ಆದರೆ ಕಂಪನಿಯ ಏಕರೂಪದ ನಾಣ್ಯ ವ್ಯವಸ್ಥೆ ಆರಂಭವಾದದ್ದೇ 1835ರಲ್ಲಿ. ಅದಕ್ಕೂ ಹದಿನೇಳು ವರ್ಷ ಮೊದಲಿನ ಇಸವಿಯನ್ನು ಹೊತ್ತು, ಅದೇ ಮಾದರಿಯಲ್ಲಿ ಬರುವ ತಾಮ್ರದ ಬಿಲ್ಲೆ ಆಟಿಕೆಗಿಂತ ಹೆಚ್ಚಿನದಲ್ಲ. ಇವುಗಳಿಗೆ ಲಕ್ಷ, ಕೋಟಿ ರೂಪಾಯಿ ಬೆಲೆ ಕಟ್ಟುವವರು, ಅಕ್ಕಿಯನ್ನು ಸೆಳೆಯುವ ಚೆಂಬಿನ ಹೆಸರಿನಲ್ಲಿ ‘ರೈಸ್ ಪುಲ್ಲಿಂಗ್’ ದಂಧೆ ನಡೆಸುವವರು, ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯ ಮನೆಯಲ್ಲಿದ್ದರೆ ಲಕ್ಷಾಧೀಶರಾಗುತ್ತೀರಿ ಎಂದು ಜಾಹೀರಾತು ಹಾಕುವವರು, ಎಲ್ಲರೂ ಒಂದೇ ಸಂತಾನದವರು. ಇಂಥ ವ್ಯವಹಾರಗಳಲ್ಲಿ ತನ್ನ ಹೆಸರು ಮತ್ತು ಲಾಂಛನವನ್ನು ಬಳಸಿ ಜನರಿಂದ ಶುಲ್ಕ, ಕಮಿಷನ್, ತೆರಿಗೆ ವಸೂಲು ಮಾಡಲಾಗುತ್ತಿದೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ ತಿಂಗಳಿನಲ್ಲಿ ಎಚ್ಚರಿಕೆ ನೀಡಿತ್ತು. ಎರಡನೆಯ ಬಗೆ, ಅಸಲಿ ನಾಣ್ಯದ ಅಚ್ಚು ತೆಗೆದು ಅಗ್ಗದ ಲೋಹದಲ್ಲಿ ಎರಕ ಹೊಯ್ದ ನಕಲು. ತಕ್ಕಡಿ ಇದ್ದವರಿಗೆ ಇದು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ನಾನು ತಮ್ಮ ಗಮನಕ್ಕೆ ತರಬಯಸುವುದು ಮೂರನೆಯ ಬಗೆಯನ್ನು, ಅಂದರೆ ಸರ್ಕಾರದ ಟಂಕಸಾಲೆಯಲ್ಲೇ ಹುಟ್ಟಿ, ಬಳಿಕ ಖಾಸಗಿ ಕೈಯಲ್ಲಿ ತಿದ್ದಿಸಿಕೊಂಡ ನಾಣ್ಯವನ್ನು.

ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳಿ. 1938ರ ರೂಪಾಯಿ ಅಷ್ಟೇನೂ ಅಪರೂಪವಲ್ಲ, ಆದರೆ 1939ರದು ಆ ದೊರೆಯ ರೂಪಾಯಿಗಳಲ್ಲೇ ಅತಿ ವಿರಳವಾದದ್ದು. ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಒಂದು ಅಂಕಿ. ಸೂಕ್ಷ್ಮವಾದ ಉಳಿಯಿಂದ 8ರ ಕೆಳಗಿನ ಸುತ್ತಿನ ಎಡಭಾಗವನ್ನು ಕೆರೆದು ತೆಗೆದರೆ ಅದು 9 ಆಗಿಬಿಡುತ್ತದೆ. ಕೆಲಸ ಬಲ್ಲ ಕೈಗೆ ಇದು ದೊಡ್ಡ ಸಾಹಸವಲ್ಲ. ಈಗ ಈ ನಾಣ್ಯವನ್ನು ಯಾವ ಪರೀಕ್ಷೆಗೆ ಬೇಕಾದರೂ ಒಡ್ಡಿ ನೋಡಿ. ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಸರಿಯಾಗಿಯೇ ಇರುತ್ತದೆ. ವ್ಯಾಸ ಸರಿ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅದೂ ಸರಿ. ನೀರಿನಲ್ಲಿ ತೂಗಿ ಸಾಂದ್ರತೆ ಕಂಡುಹಿಡಿದರೆ 10.3ರ ಆಸುಪಾಸಿನಲ್ಲೇ ಬರುತ್ತದೆ, ಕಲ್ಲಿನ ಮೇಲೆ ಬೀಳಿಸಿದರೆ ಬೆಳ್ಳಿಯ ನಾದವೇ ಕೇಳುತ್ತದೆ, ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರವೂ ಬೆಳ್ಳಿ ಎಂದೇ ಹೇಳುತ್ತದೆ. ನೀರಿನಲ್ಲಿ ಸಿಕ್ಕಿಬೀಳುವುದು ಬೆಳ್ಳಿಯೇ ಇಲ್ಲದ ‘ಜರ್ಮನ್ ಸಿಲ್ವರ್’ ಎಂಬ ಮಿಶ್ರಲೋಹದ ನಕಲು, ಇದಲ್ಲ. ಅಂತರ್ಜಾಲದಲ್ಲಿ ಹರಿದಾಡುವ ‘ಅಸಲಿ ನಾಣ್ಯ ಪತ್ತೆ ಮಾಡುವುದು ಹೇಗೆ’ ಎಂಬ ಉಪದೇಶಗಳೆಲ್ಲ ಲೋಹವನ್ನು ಪರೀಕ್ಷಿಸುತ್ತವೆ, ಆದರೆ ಇಲ್ಲಿ ಸುಳ್ಳು ಇರುವುದು ಒಂದು ಅಂಕಿಯ ತಿರುವಿನಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಗಾಜಿನಡಿಯಲ್ಲಿ ಆ ಅಂಕಿಯ ಸುತ್ತಲಿನ ಮೈ ಉಳಿದ ಮೈಗಿಂತ ಬೇರೆಯಾಗಿ, ಗೀರುಗೀರಾಗಿ ಕಾಣಬಹುದು. ಆದರೆ ಮಾರುವವನು ಹಾಕಿದ ಮಬ್ಬು ಫೋಟೋದಲ್ಲಿ ಕಾಣುವುದು 1939 ಎಂಬ ನಾಲ್ಕು ಅಂಕಿಗಳು ಮಾತ್ರ.

ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯ ಕಥೆ ಇನ್ನೂ ಸ್ವಾರಸ್ಯದ್ದು. ದೊರೆಯ ನಿಲುವಂಗಿಯ ಮೇಲಿನ ಹಾರದಲ್ಲಿ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಮೋಟಾಗಿ, ಆನೆ ಹಂದಿಯಂತೆ ಕಂಡಿತು. ಜನರಲ್ಲಿ, ಮುಖ್ಯವಾಗಿ ಮುಸ್ಲಿಮರಲ್ಲಿ, ಅಸಮಾಧಾನ ಹುಟ್ಟಿ ಸರ್ಕಾರ ಉಳಿದ ನಾಣ್ಯಗಳ ಬಿಡುಗಡೆಯನ್ನು ನಿಲ್ಲಿಸಿತು, 1912ರಿಂದ ಆನೆಯನ್ನು ತಿದ್ದಿ ಕೆತ್ತಿಸಿತು. ಹೀಗಾಗಿ 1911ರ ‘ಹಂದಿ ರೂಪಾಯಿ’ಗೆ ಸಂಗ್ರಾಹಕರಲ್ಲಿ ಬೇಡಿಕೆ. 1912ರ ಕೊನೆಯ 2 ಅನ್ನು 1 ಮಾಡಬಲ್ಲವನಿಗೂ ಆನೆಯ ಸೊಂಡಿಲನ್ನು ಒಪ್ಪವಾಗಿ ಮೊಟಕುಗೊಳಿಸುವುದು ಕಷ್ಟ. ಇಸವಿ 1911 ಎಂದಿದ್ದು, ಆನೆ ಮಾತ್ರ ಉದ್ದ ಸೊಂಡಿಲಿನ 1912ರದಾಗಿದ್ದರೆ ನಾಣ್ಯ ತನ್ನ ಮೋಸವನ್ನು ತಾನೇ ಒಪ್ಪಿಕೊಂಡಂತೆ. ಆದರೆ ಇದನ್ನು ಗುರುತಿಸಲು ಕೊಳ್ಳುವವನಿಗೆ ಈ ಕಥೆ ತಿಳಿದಿರಬೇಕು, ಹಾರದ ಆ ಭಾಗ ಫೋಟೋದಲ್ಲಿ ಸ್ಪಷ್ಟವಾಗಿ ಮೂಡಿರಬೇಕು.

ನಮ್ಮ ಕಡೆ ಹೆಚ್ಚಾಗಿ ಕಾಣುವ ಇನ್ನೊಂದು ತಿದ್ದುಪಡಿ ಆಭರಣದಿಂದ ಬಂದದ್ದು. ಬೆಳ್ಳಿ ರೂಪಾಯಿಗಳಿಗೆ ಕೊಂಡಿ ಬೆಸೆದು ಸರ ಮಾಡಿ ಹಾಕಿಕೊಳ್ಳುವುದು ಉತ್ತರ ಕರ್ನಾಟಕದಲ್ಲಿ, ಲಂಬಾಣಿ ತಾಂಡಾಗಳಲ್ಲಿ ಬಹುಕಾಲದ ರೂಢಿ. ಆ ಸರಗಳು ಒಡೆದು ಮಾರುಕಟ್ಟೆಗೆ ಬಂದಾಗ ಕೊಂಡಿ ಕಿತ್ತು, ಬೆಸುಗೆಯ ಜಾಗವನ್ನು ಅರದಿಂದ ಉಜ್ಜಿ, ಅಂಚಿನ ಗೆರೆಗಳನ್ನು ಹೊಸದಾಗಿ ಎಳೆದು, ಇಡೀ ನಾಣ್ಯವನ್ನು ಪಾಲಿಶ್ ಮಾಡಿ ‘ಟಂಕಸಾಲೆಯಿಂದ ಬಂದಂತಿದೆ’ ಎಂಬ ವಿವರಣೆಯೊಂದಿಗೆ ಮಾರುತ್ತಾರೆ. ಸರದಲ್ಲಿದ್ದ ನಾಣ್ಯವನ್ನು ಸರದಲ್ಲಿತ್ತು ಎಂದು ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ, ಅದನ್ನು ಪ್ರೀತಿಯಿಂದ ಕೊಳ್ಳುವವರೂ ಇದ್ದಾರೆ. ಅಷ್ಟು ಹೇಳುವುದನ್ನು ಬಿಟ್ಟು ಬೆಲೆಯನ್ನು ಎರಡು ಪಟ್ಟು ಏರಿಸುವುದೇ ಮೋಸ.

ಚಲಾವಣೆಯ ನಾಣ್ಯಗಳನ್ನೂ ಬಿಟ್ಟಿಲ್ಲ. ಟಂಕಸಾಲೆಯ ಯಂತ್ರದೋಷದಿಂದ ಹುಟ್ಟುವ ‘ಎರರ್’ ನಾಣ್ಯಗಳಿಗೆ ಒಳ್ಳೆಯ ಬೆಲೆ ಇರುವುದರಿಂದ, ದೋಷವನ್ನು ಗ್ಯಾರೇಜಿನಲ್ಲಿ ತಯಾರಿಸುತ್ತಾರೆ. ಎರಡು ಲೋಹದ 10 ರೂಪಾಯಿಯ ನಡುವಿನ ಬಿಲ್ಲೆಯನ್ನು ಹೊರತಳ್ಳಿ, ತಿರುಗಿಸಿ ಕೂರಿಸುವುದು ಒಂದು ವಿಧಾನ. ಎರಡು ನಾಣ್ಯಗಳನ್ನು ಲೇತ್ ಯಂತ್ರದಲ್ಲಿ ಕೊರೆದು, ಒಂದರೊಳಗೊಂದನ್ನು ಸೇರಿಸಿ, ಎರಡೂ ಬದಿಯಲ್ಲಿ ಸಿಂಹಲಾಂಛನ ಬರುವಂತೆ ಮಾಡುವುದು ಇನ್ನೊಂದು. ಒಂದು ನಾಣ್ಯವನ್ನು ಮತ್ತೊಂದರ ಮೇಲಿಟ್ಟು ವೈಸಿನಲ್ಲಿ ಒತ್ತಿ ಉಲ್ಟಾ ಮುದ್ರೆ ಮೂಡಿಸುವವರಿದ್ದಾರೆ, ಆಮ್ಲದಲ್ಲಿ ಅದ್ದಿ ತೆಳುವಾಗಿಸಿ ‘ತೆಳು ಬಿಲ್ಲೆಯ ಎರರ್’ ಎಂದು ಮಾರುವವರಿದ್ದಾರೆ. ಟಂಕಸಾಲೆಯಲ್ಲಿ ಉಂಗುರ ಮತ್ತು ಬಿಲ್ಲೆಯನ್ನು ಜೋಡಿಸಿ ಒಂದೇ ಏಟಿನಲ್ಲಿ ಟಂಕಿಸುತ್ತಾರೆ ಎಂಬುದು ತಿಳಿದಿದ್ದರೆ ಬಿರುಕು ಬಿಟ್ಟ ಜೋಡಣೆಯನ್ನು ನೋಡಿದ ಕೂಡಲೇ ಅನುಮಾನ ಬರುತ್ತದೆ. ಅಂಚಿನ ಒಳಮಗ್ಗುಲಲ್ಲಿ ಕೂದಲೆಳೆಯಂಥ ಗೆರೆ ಹುಡುಕಿದರೆ ಎರಡೂ ಬದಿ ಸಿಂಹವಿರುವ ನಾಣ್ಯದ ಗುಟ್ಟು ಸಿಗುತ್ತದೆ. ಆದರೆ ಆ ಅಂಚಿನ ಫೋಟೋ ಮಾರಾಟದ ಪುಟದಲ್ಲಿ ಇರುವುದಿಲ್ಲ.

ನಮ್ಮ ನಾಡಿನ ನಾಣ್ಯಗಳ ವಿಷಯಕ್ಕೆ ಬಂದರೆ ನಷ್ಟ ಇನ್ನೂ ದೊಡ್ಡದು. ವಿಜಯನಗರದ ವರಹ ಸುಮಾರು 3.4 ಗ್ರಾಂ ತೂಗುವ ಚಿನ್ನದ ನಾಣ್ಯ. ಸಂಗ್ರಾಹಕರು ಅಪರೂಪದ ವರಹಕ್ಕೆ ಕೊಡುವ ಬೆಲೆ ಚಿನ್ನದ ಬೆಲೆಗಿಂತ ಬಹಳ ಮೇಲಿರುವುದರಿಂದ, ಮೋಸಗಾರನಿಗೆ ಚಿನ್ನದಲ್ಲೇ ನಕಲು ಮಾಡಿದರೂ ಲಾಭ. ಕೊಂಡವರು ಅದನ್ನು ಅಕ್ಕಸಾಲಿಗರ ಬಳಿ ಒಯ್ಯುತ್ತಾರೆ, ಒರೆಗಲ್ಲು ಚಿನ್ನವೆನ್ನುತ್ತದೆ, ಸಮಾಧಾನದಿಂದ ಮನೆಗೆ ಬರುತ್ತಾರೆ. ಟಿಪ್ಪುವಿನ ಆನೆ ಚಿತ್ರದ ತಾಮ್ರದ ನಾಣ್ಯಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ: ಆತ ತನ್ನ ಆಳ್ವಿಕೆಯ ಐದನೆಯ ವರ್ಷದಿಂದ, ಪ್ರವಾದಿ ಮುಹಮ್ಮದರ ಜನನಕ್ಕೆ ಸಂಬಂಧಿಸಿದ ಮೌಲೂದಿ ಶಕೆಯನ್ನು ಬಳಸಿ, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಸವೆದ ಇಸವಿಯನ್ನು ಪುನಃ ಕೆತ್ತಿ ‘ಸ್ಪಷ್ಟ’ಗೊಳಿಸಲು ಹೊರಟವನಿಗೆ ಇದು ತಿಳಿಯದಿದ್ದರೆ ಅಸಲಿ ನಾಣ್ಯವೊಂದು ಎಂದೂ ಇರದ ವರ್ಷವನ್ನು ಹೊತ್ತುಕೊಂಡು ತಿರುಗುತ್ತದೆ. ಇತಿಹಾಸದ ಒಂದು ಪುರಾವೆ ಹೀಗೆ ಶಾಶ್ವತವಾಗಿ ಕೆಟ್ಟುಹೋಗುತ್ತದೆ. ಕೊಂಡವನಿಗೆ ಹಣ ವಾಪಸು ಬಂದರೂ ಆ ನಾಣ್ಯ ಮೊದಲಿನಂತಾಗುವುದಿಲ್ಲ.

ಈಗ ಕಾನೂನಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 178ನೇ ಕಲಂ ಖೋಟಾ ನಾಣ್ಯ ತಯಾರಿಕೆಯನ್ನು ಶಿಕ್ಷಿಸುತ್ತದೆ, ನಾಣ್ಯದ ತೂಕ ತಗ್ಗಿಸುವುದನ್ನೂ ರೂಪ ಬದಲಿಸುವುದನ್ನೂ ಅದರಲ್ಲೇ ಸೇರಿಸುತ್ತದೆ. 2011ರ ನಾಣ್ಯ ಕಾಯಿದೆ ನಾಣ್ಯವನ್ನು ಕರಗಿಸುವುದನ್ನು, ನಾಶಪಡಿಸುವುದನ್ನು ನಿಷೇಧಿಸುತ್ತದೆ. ಆದರೆ ಈ ನಿಯಮಗಳ ಕಣ್ಣು ಸದ್ಯ ಹಣವಾಗಿ ಬಳಕೆಯಲ್ಲಿರುವ ನಾಣ್ಯದ ಮೇಲಿದೆ. 10 ರೂಪಾಯಿಯನ್ನು ಕೊರೆದವನನ್ನು ಈ ಬಲೆಯಲ್ಲಿ ಹಿಡಿಯಬಹುದು. 1938ರ ಬೆಳ್ಳಿ ರೂಪಾಯಿಯಾದರೋ 1940ರ ದಶಕದ ಆರಂಭದಲ್ಲೇ ಚಲಾವಣೆಯಿಂದ ಹೊರಬಿದ್ದದ್ದು, ವಿಜಯನಗರದ ವರಹದ ಮಾತಂತೂ ದೂರ. ಹಾಗಾಗಿ ಉಳಿಯುವುದು ಸಾಮಾನ್ಯ ವಂಚನೆಯ ಕಲಂ. ಅದರಡಿ, ಮಾರಿದವನಿಗೆ ತಿದ್ದಿದ ವಿಷಯ ಗೊತ್ತಿತ್ತು ಎಂಬುದನ್ನು ಸಾಬೀತುಪಡಿಸಬೇಕು. ‘ನನಗೆ ನಾಣ್ಯಗಳ ಬಗ್ಗೆ ಏನೂ ತಿಳಿಯದು, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಫೋಟೋ ನೋಡಿ ನೀವೇ ನಿರ್ಧರಿಸಿ, ವಾಪಸು ಇಲ್ಲ’ ಎಂದು ಮಾರಾಟದ ಪುಟದಲ್ಲಿ ಮೊದಲೇ ಬರೆದುಕೊಳ್ಳುವುದು ಇದೇ ಕಾರಣಕ್ಕೆ. ಒಬ್ಬನೇ ಮಾರಾಟಗಾರನ ಅಜ್ಜ ಇಷ್ಟೊಂದು ಪೆಟ್ಟಿಗೆಗಳನ್ನು ಹೇಗೆ ಬಿಟ್ಟುಹೋದರೋ ದೇವರೇ ಬಲ್ಲ.

ತಮ್ಮ ಪ್ರಾಧಿಕಾರದ ಮೊರೆ ಹೋಗುತ್ತಿರುವುದೂ ಇದೇ ಕಾರಣಕ್ಕೆ. ಇಲ್ಲಿನ ಅಪರಾಧ ಲೋಹದಲ್ಲಿಲ್ಲ, ಹಣದಲ್ಲಿಲ್ಲ, ಸರಕಿನ ವಿವರಣೆಯಲ್ಲಿದೆ. ವಿವರಣೆಯ ಸತ್ಯಾಸತ್ಯತೆ ಗ್ರಾಹಕ ಕಾನೂನಿನ ಮನೆಯ ವಿಷಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅಸಲಿಯೆಂದು ಸುಳ್ಳು ಹೇಳಿ ಮಾರುವ ಸರಕನ್ನು ಖೋಟಾ ಸರಕು ಎಂದೇ ಕರೆಯುತ್ತದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ವಿವರಣೆ ಮತ್ತು ಚಿತ್ರಗಳು ಸರಕಿನ ರೂಪ, ಸ್ವರೂಪ, ಗುಣಮಟ್ಟಕ್ಕೆ ಹೊಂದಿಕೆಯಾಗಿವೆ ಎಂದು ಮಾರಾಟ ವೇದಿಕೆ ತನ್ನ ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕು. ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರಿಗೆ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಸಿಗಬೇಕು. ಅಂದರೆ ‘ವಾಪಸು ಇಲ್ಲ’ ಎಂಬ ಒಕ್ಕಣೆ ತಿದ್ದಿದ ನಾಣ್ಯದ ಮಟ್ಟಿಗೆ ನಿಲ್ಲಲಾರದು.

ನಿಯಮ ಇಷ್ಟು ಚೆನ್ನಾಗಿದ್ದರೂ ಒಂದು ಕಡೆ ಸೋರುತ್ತದೆ. ಪದೇ ಪದೇ ಆಕ್ಷೇಪಾರ್ಹ ಸರಕು ಮಾರುವವರ ದಾಖಲೆ ಇಡಬೇಕೆಂದು ಅದೇ ನಿಯಮಗಳು ವೇದಿಕೆಗಳಿಗೆ ಹೇಳುತ್ತವೆ, ಆದರೆ ಅದು ಕೃತಿಸ್ವಾಮ್ಯ, ಟ್ರೇಡ್‌ಮಾರ್ಕ್ ಮತ್ತು ಮಾಹಿತಿ ತಂತ್ರಜ್ಞಾನ ಕಾಯಿದೆಗಳಡಿ ತೆಗೆದುಹಾಕಿದ ಸರಕುಗಳಿಗೆ ಮಾತ್ರ. ಐದನೆಯ ಜಾರ್ಜ್ ದೊರೆಯ ಪರವಾಗಿ ಟ್ರೇಡ್‌ಮಾರ್ಕ್ ದಾವೆ ಹೂಡುವವರು ಯಾರೂ ಇಲ್ಲವಾದ್ದರಿಂದ, ಸುಳ್ಳು ನಾಣ್ಯ ಮಾರಿದವನ ಹೆಸರು ಆ ದಾಖಲೆಗೆ ಏರುವುದಿಲ್ಲ. ಒಂದು ದೂರು ಬಂದರೆ ಹಣ ವಾಪಸು ಕೊಟ್ಟು ಅದೇ ನಾಣ್ಯವನ್ನು ಮರುದಿನ ಮತ್ತೊಬ್ಬರಿಗೆ ತೋರಿಸಬಹುದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್ ಪುಟಗಳಲ್ಲಿ ನಡೆಯುವ ಹರಾಜಿನಲ್ಲಿ ಅಷ್ಟೂ ಇಲ್ಲ. ಹಣ ಮೊದಲು ಯುಪಿಐ ಮೂಲಕ ಹೋಗಬೇಕು, ಮಾರಿದವನ ಗುರುತು ಒಂದು ಮೊಬೈಲ್ ಸಂಖ್ಯೆ.

ಅಮೆರಿಕದಲ್ಲಿ 1973ರಷ್ಟು ಹಿಂದೆಯೇ ಹವ್ಯಾಸ ಸಂರಕ್ಷಣೆಗೆಂದು ಒಂದು ಕಾಯಿದೆ ಬಂತು. ಅದರಂತೆ ನಕಲು ನಾಣ್ಯದ ಮೇಲೆ ‘ಕಾಪಿ’ ಎಂಬ ಪದ ಅಳಿಸಲಾಗದಂತೆ ಮೂಡಿರಬೇಕು. ಒಂದು ನಾಣ್ಯವನ್ನು ಬೇರೆ ನಾಣ್ಯವೆಂದು ಭ್ರಮೆ ಹುಟ್ಟಿಸುವಂತೆ ತಿದ್ದಿದರೆ ಅದನ್ನೂ ನಕಲಿನ ಸಾಲಿಗೇ ಸೇರಿಸಬೇಕು ಎಂದು ಅಲ್ಲಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ. 1938 ಅನ್ನು 1939 ಮಾಡಿದ್ದು ಇದರೊಳಗೆ ನೇರವಾಗಿ ಬರುತ್ತದೆ. 2014ರ ತಿದ್ದುಪಡಿ, ಗೊತ್ತಿದ್ದೂ ಇಂಥ ಮಾರಾಟಕ್ಕೆ ಗಣನೀಯ ನೆರವು ನೀಡುವವರನ್ನೂ ಹೊಣೆಗಾರರನ್ನಾಗಿಸಿತು. ಆ ಕಾಯಿದೆಯಿಂದ ಅಲ್ಲಿ ಮೋಸ ನಿಂತುಹೋಯಿತೆಂದು ನಾನು ಹೇಳುತ್ತಿಲ್ಲ. ಆದರೆ ಮೋಸಹೋದವನು ಮಾರಿದವನ ಮನಸ್ಸಿನೊಳಗೆ ಹೊಕ್ಕು ಪುರಾವೆ ತರಬೇಕಾಗಿಲ್ಲ, ಗುರುತಿಲ್ಲದ ನಕಲನ್ನು ತೋರಿಸಿದರೆ ವಾದ ಅಲ್ಲಿಂದಲೇ ಶುರುವಾಗುತ್ತದೆ.

ಮಾರಾಟ ವೇದಿಕೆಗಳನ್ನು ಹೊಣೆಗಾರರನ್ನಾಗಿಸುವುದು ತಮಗೂ ಹೊಸದಲ್ಲ. ಗುಣಮಟ್ಟದ ಮುದ್ರೆಯಿಲ್ಲದ ಪ್ರೆಷರ್ ಕುಕ್ಕರುಗಳ ವಿಷಯದಲ್ಲಿ 2022ರಲ್ಲಿ, ಕಾರಿನ ಸೀಟ್ ಬೆಲ್ಟ್ ಎಚ್ಚರಿಕೆಯನ್ನು ಅಡಗಿಸುವ ಕ್ಲಿಪ್ಪುಗಳ ವಿಷಯದಲ್ಲಿ 2023ರಲ್ಲಿ ತಮ್ಮ ಪ್ರಾಧಿಕಾರವೇ ದೊಡ್ಡ ವೇದಿಕೆಗಳ ವಿರುದ್ಧ ಆದೇಶ ನೀಡಿತ್ತು. ಕುಕ್ಕರು ಸಿಡಿದರೆ ಪ್ರಾಣ ಹೋಗುತ್ತದೆ, ನಾಣ್ಯದಿಂದ ಹಾಗಾಗದು ಎಂಬುದನ್ನು ಒಪ್ಪುತ್ತೇನೆ. ಆದರೂ ಗ್ರಾಹಕ ಸಂರಕ್ಷಣಾ ಕಾಯಿದೆಯ 18ನೇ ಕಲಂ ಅನುಚಿತ ವ್ಯಾಪಾರ ಪದ್ಧತಿಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸುವ ಅಧಿಕಾರವನ್ನು ತಮಗೆ ಕೊಟ್ಟಿದೆ, ಅದನ್ನು ಪ್ರಾಣಾಪಾಯದ ಸರಕುಗಳಿಗಷ್ಟೇ ಸೀಮಿತಗೊಳಿಸಿಲ್ಲ.

ಆದ್ದರಿಂದ ನನ್ನ ಕೋರಿಕೆ ಇದು. ಚಲಾವಣೆಯಲ್ಲಿಲ್ಲದ ನಾಣ್ಯವನ್ನಾಗಲಿ, ‘ಎರರ್’ ಎಂದು ಹೆಚ್ಚಿನ ಬೆಲೆ ಕಟ್ಟಿದ ಚಲಾವಣೆಯ ನಾಣ್ಯವನ್ನಾಗಲಿ ಆನ್‌ಲೈನಿನಲ್ಲಿ ಮಾರುವವರು ಅದರ ತೂಕವನ್ನು ಎರಡು ದಶಮಾಂಶದವರೆಗೆ, ವ್ಯಾಸವನ್ನು ಮಿಲಿಮೀಟರಿನಲ್ಲಿ ನಮೂದಿಸಬೇಕು. ಎರಡು ಬದಿಗಳ ಜೊತೆಗೆ ಅಂಚಿನ ಮತ್ತು ಇಸವಿಯ ಹತ್ತಿರದ ಫೋಟೋಗಳನ್ನು ಹಾಕಬೇಕು. ಬೆಸುಗೆ, ಕೊಂಡಿ ಕಿತ್ತ ಗುರುತು, ಪಾಲಿಶ್, ಲೇಪ, ಅಂಕಿ ಅಥವಾ ಟಂಕಸಾಲೆಯ ಗುರುತಿನ ತಿದ್ದುಪಡಿ, ಇವುಗಳಲ್ಲಿ ಯಾವುದಿದ್ದರೂ ಹೇಳುವುದು ಮಾರಾಟಗಾರನ ಹೊಣೆಯಾಗಬೇಕು, ‘ನನಗೆ ಗೊತ್ತಿರಲಿಲ್ಲ’ ಎಂಬುದು ಹಣ ಹಿಂದಿರುಗಿಸದಿರಲು ನೆಪವಾಗಬಾರದು. ಪ್ರವಾಸಿ ತಾಣಗಳಲ್ಲಿ, ಶಾಲೆಗಳಿಗೆ, ನಾಟಕಗಳಿಗೆ ಪ್ರತಿಕೃತಿ ಮಾಡಿ ಜೀವನ ನಡೆಸುವ ಕುಶಲಕರ್ಮಿಗಳಿಗೆ ತೊಂದರೆಯಾಗಬಾರದು. ಅವರು ಲೋಹದಲ್ಲೇ ‘ನಕಲು’ ಎಂದು ಅಚ್ಚೊತ್ತಿ ನೆಮ್ಮದಿಯಿಂದ ಮಾರಲಿ. ಅಂಟಿಸಿದ ಚೀಟಿ ಸಾಲದು, ಅದು ಮೊದಲ ಕೈಯಲ್ಲೇ ಕಿತ್ತುಹೋಗುತ್ತದೆ. ಪದೇ ಪದೇ ಸಿಕ್ಕಿಬಿದ್ದ ಮಾರಾಟಗಾರರ ದಾಖಲೆ ಇಡುವ ಹೊಣೆಯನ್ನು ಖೋಟಾ ಸರಕುಗಳಿಗೂ ವಿಸ್ತರಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಪುರಾತನ ವಸ್ತು, ಅದನ್ನು ವ್ಯಾಪಾರವಾಗಿ ಮಾರಲು ಪರವಾನಗಿ ಬೇಕು. ಆ ಪರವಾನಗಿಯ ಸಂಖ್ಯೆಯನ್ನು ಮಾರಾಟದ ಪುಟದಲ್ಲಿ ತೋರಿಸುವಂತೆ ವೇದಿಕೆಗಳಿಗೆ ಸೂಚಿಸಿದರೆ ಅಜ್ಜನ ಪೆಟ್ಟಿಗೆಯವರಲ್ಲಿ ಅರ್ಧ ಜನ ತಾವಾಗಿಯೇ ಹಿಂದೆ ಸರಿಯುತ್ತಾರೆ ಎಂದು ನನ್ನ ಅಂದಾಜು. ಕೊನೆಯದಾಗಿ, ನಾಣ್ಯ ತಿದ್ದಿದ್ದೆಂದು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ತೋರಿಸಲು ಯಾರ ತಜ್ಞ ಅಭಿಪ್ರಾಯವನ್ನು ಒಪ್ಪಬಹುದೆಂದು ಗೊತ್ತುಪಡಿಸಬೇಕು. ನಾಣ್ಯವನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಮೊಹರು ಮಾಡಿಕೊಡುವ ವಿದೇಶಿ ಶ್ರೇಣೀಕರಣ ಸಂಸ್ಥೆಗಳ ಪ್ಲಾಸ್ಟಿಕ್ ಡಬ್ಬಿಯೇ ಪುರಾವೆ ಎನ್ನುವಂತಿಲ್ಲ, ಆ ಡಬ್ಬಿಗಳನ್ನೂ ಅವುಗಳ ಸಂಖ್ಯೆಯ ಸಮೇತ ನಕಲು ಮಾಡುವವರಿದ್ದಾರೆ.

ಸಂಗ್ರಾಹಕನಾದವನು ಕಲಿತು ಕೊಳ್ಳಬೇಕು, ಕಲಿಯದವನಿಗೆ ಶುಲ್ಕ ಬೀಳುತ್ತದೆ ಎಂಬ ಮಾತನ್ನು ನಮ್ಮ ಹಿರಿಯ ಸಂಗ್ರಾಹಕರೇ ಆಡುತ್ತಾರೆ. ನಾಣ್ಯ ಕೈಯಲ್ಲಿದ್ದು, ಮಾರುವವನು ಎದುರಿಗಿದ್ದ ಕಾಲಕ್ಕೆ ಅದು ಸರಿಯಾದ ಮಾತು. ಅಂಚನ್ನೇ ತೋರಿಸದವನಿಂದ ಕೊಳ್ಳುವಾಗ ಎಷ್ಟು ಕಲಿತವನೂ ಕುರುಡನೇ. ಪ್ರಾಮಾಣಿಕ ವ್ಯಾಪಾರಿಗಳು ನಾನು ಕೇಳಿದ ವಿವರಗಳನ್ನು ಈಗಲೂ ಕೊಡುತ್ತಾರೆ, ಅನುಮಾನ ಬಂದರೆ ತಿಂಗಳು ಕಳೆದರೂ ನಾಣ್ಯ ವಾಪಸು ಪಡೆಯುತ್ತಾರೆ. ಹೊಸ ನಿಯಮದಿಂದ ಅವರಿಗೆ ಹೆಚ್ಚಿನ ಹೊರೆ ಬೀಳದು.

ಇದನ್ನು ಓದುವ ಸಾರ್ವಜನಿಕರಲ್ಲೂ ಒಂದು ಮಾತು. ಅನುಮಾನದ ನಾಣ್ಯ ಕೈಗೆ ಬಂದರೆ ಅದನ್ನು ತೊಳೆಯಬೇಡಿ, ಉಜ್ಜಬೇಡಿ. ಮಾರಾಟದ ಪುಟ, ಹಣ ಕಳಿಸಿದ ದಾಖಲೆ, ಲಕೋಟೆ ಎಲ್ಲವನ್ನೂ ಉಳಿಸಿಕೊಂಡು ವೇದಿಕೆಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ, ನಂತರ 1915 ಗ್ರಾಹಕ ಸಹಾಯವಾಣಿಗೆ ತಿಳಿಸಿ. ಹಣ ಪಡೆದು ನಾಣ್ಯವನ್ನೇ ಕಳಿಸದಿದ್ದರೆ, ‘ತೆರಿಗೆ’ ಎಂದು ಮತ್ತೆ ಹಣ ಕೇಳಿದರೆ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಸುಮ್ಮನಿದ್ದರೆ ಅದೇ ನಾಣ್ಯ ಮತ್ತೊಬ್ಬರ ಮನೆಗೆ ಹೋಗುತ್ತದೆ.

ಮಾನ್ಯರೇ, ಮಾರ್ಗಸೂಚಿಯ ಕರಡನ್ನು ಸಿದ್ಧಪಡಿಸುವಾಗ ನಾಣ್ಯಶಾಸ್ತ್ರ ಸಂಘಗಳು, ರಾಜ್ಯಗಳ ಪುರಾತತ್ತ್ವ ಇಲಾಖೆಗಳು ಮತ್ತು ಸರ್ಕಾರಿ ಟಂಕಸಾಲೆಗಳ ಅಭಿಪ್ರಾಯ ಪಡೆಯಬೇಕೆಂದೂ, ಕರಡನ್ನು ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಕನ್ನಡದಲ್ಲಿಯೂ ಪ್ರಕಟಿಸಿ ಆಕ್ಷೇಪಣೆಗೆ ಸಾಕಷ್ಟು ಕಾಲಾವಕಾಶ ನೀಡಬೇಕೆಂದೂ ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಾಣ್ಯ ಸಂಗ್ರಾಹಕ,
ದಾವಣಗೆರೆ